ನಮ್ಮ ಓಣಿಗೆ ಬಂದ ಸರಹದ್ದು

ಸರಹದ್ದು ಅಂದರೆ ಬೇಲಿ, ಬಂದೂಕು, ಹಿಮ ಎಂದೇ ನಾನು ತಿಳಿದಿದ್ದೆ. ಟಿವಿಯಲ್ಲಿ ಹಾಗೇ ತೋರಿಸುತ್ತಾರೆ. ಅದು ಶಹಾಪುರದ ನಮ್ಮ ಓಣಿಯ ಚರಂಡಿ ದಾಟಿ, ಬೆಳಗಿನ ಚಹಾದ ಹೊತ್ತಿಗೆ ಒಬ್ಬ ಮುದುಕಿಯ ಬಾಗಿಲಿಗೆ ಬಂದು ನಿಲ್ಲುತ್ತದೆ ಅಂತ ಯಾರೂ ಹೇಳಿರಲಿಲ್ಲ.

ನಾನು ಗೌಂಡಿ. ಹತ್ತಿರದ ಸಗರ ಗ್ರಾಮದಲ್ಲಿ ಹುಟ್ಟಿದವನು. ಐದನೆಯ ತರಗತಿಗೇ ಶಾಲೆ ಬಿಟ್ಟು ಕಲ್ಲು ಹೊತ್ತೆ, ಗಾರೆ ಕಲಸಿದೆ, ಆಮೇಲೆ ಕರಣಿ ಹಿಡಿದೆ. ನಾನು ಎತ್ತಿದ ಗೋಡೆ ಬಿರುಕು ಬಿಟ್ಟಿಲ್ಲ. ಬೇಕಾದವರು ಹೋಗಿ ನೋಡಬಹುದು. ಪರಸಿಕಲ್ಲಿನ ನೆಲ ಹಾಕುವುದರಲ್ಲಿ ನನಗೆ ಸಮ ಯಾರೂ ಇರಲಿಲ್ಲ. ಆದರೆ ಈಗಿನ ಜನಕ್ಕೆ ಪರಸಿ ಬೇಡ, ಮುಖ ಕಾಣುವಂಥ ಟೈಲ್ಸ್ ಬೇಕು. ಆ ಕೆಲಸ ಬಲ್ಲ ಬಂಗಾಳದ ಒಬ್ಬನನ್ನು ಜೋಡಿ ಮಾಡಿಕೊಂಡೆ. ಮೂವತ್ತರ ಆಸುಪಾಸಿನ ಗಂಡಸು, ಊರಲ್ಲಿ ಹೆಂಡತಿ ಮಗು ಇದ್ದವನು. ನಮ್ಮಲ್ಲಿ ಕೂಡಿ ದುಡಿಯುವವರು ಹೆಸರು ಹಿಡಿದು ಕರೆಯುವುದು ಕಡಿಮೆ. ಅವನು ನನಗೆ ಮಾಮಾ ಅಂದ, ನಾನು ಅವನಿಗೆ ಅಳಿಯಾ ಅಂದೆ. ಅವನ ಜಾತಿ, ಧರ್ಮ ಯಾವುದೆಂದು ನಾನಿಲ್ಲಿ ಬರೆಯುವುದಿಲ್ಲ. ಠಾಣೆಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಕೇಳಿದರು, ಓದುವವರಾದರೂ ಕೇಳದಿರಲಿ.

ಅವನಿಗೆ ಕೋಣೆ ಕೊಟ್ಟವಳು ನಮ್ಮ ಓಣಿಯ ಆಯಿ. ಗಂಡ ಸತ್ತವಳು, ಶೇಂಗಾ ಹುರಿದು ಮಾರಿ ಬದುಕಿದವಳು. ಊರಲ್ಲಿ ನಾಲ್ಕು ಬಾಗಿಲು ಮುಚ್ಚಿಕೊಂಡ ಮೇಲೆ ಅವಳ ಬಾಗಿಲು ತೆರೆಯಿತು. "ನಿನ್ನ ಅಳಿಯ ಅಂದ್ರ ನನಗ ಮೊಮ್ಮಗ ಆದ, ತಂದು ಹಾಕು ಅವನ ಗಂಟು" ಅಂದಳು. ಸಂಜೆಗೆ ಅವನ ತಾಟಿಗೆ ರೊಟ್ಟಿಯೂ ಬಿತ್ತು.

"ಮೀನ ತಿಂದ ಬಾಯಿಗೆ ನಮ್ಮ ಕಡಕ್ ರೊಟ್ಟಿ ಹೆಂಗ ಇಳೀತದಲೇ?" ಎಂದು ಆಯಿ ಕೆಣಕುತ್ತಿದ್ದಳು.

"ಕಟರ್ ಮಷಿನ್ ಕೊಡು ಆಯಿ, ಕೊಯ್ದು ತಿಂತೀನಿ" ಅನ್ನುತ್ತಿದ್ದ ಅವನು. ನಮ್ಮ ಮಾತನ್ನು ಅಷ್ಟು ಬೇಗ ಕಲಿತಿದ್ದ.

ಅವನ ಊರು ನಿಜವಾದ ಸರಹದ್ದಿನ ಮೇಲೆಯೇ ಇದೆ. ಭೀಮರಾಯನಗುಡಿಯಲ್ಲಿ ಒಂದು ಮನೆಯ ಕೆಲಸ ನಡೆದಾಗ, ಬುತ್ತಿ ಬಿಚ್ಚಿಕೊಂಡು ಕೂತು ಹೇಳಿದ್ದ. ಮನೆ ಬೇಲಿಯ ಈಚೆ, ಹೊಲ ಬೇಲಿಯ ಆಚೆ. ಹೊಲವೂ ನಮ್ಮ ದೇಶದ್ದೇ, ಆದರೆ ಬೇಲಿ ಹಾಕಿದವರಿಗೆ ಅಲ್ಲೇ ಅನುಕೂಲವಾಯಿತು. ಬೆಳಗ್ಗೆ ಗೇಟಿನಲ್ಲಿ ಸೈನಿಕನ ಕೈಗೆ ಕಾರ್ಡು ಕೊಟ್ಟು ಉಳಲಿಕ್ಕೆ ಹೋಗಬೇಕು, ಸಂಜೆ ಕಾರ್ಡು ಇಸಿದುಕೊಂಡು ಮನೆಗೆ ಬರಬೇಕು. "ದಿನಾ ಹೊತ್ತ ಮುಳುಗಿದ ಮ್ಯಾಲ ಹೊಸದಾಗಿ ಭಾರತದಾಂವ ಆಗ್ತೀನಿ ಮಾಮಾ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆ ಬೆಳಗ್ಗೆ, ನಾನು ಕೆಲಸಕ್ಕೆ ಹೋದ ಮೇಲೆ, ಆಯಿಯ ಬಾಗಿಲಿಗೆ ಪೊಲೀಸ್ ಜೀಪು ಬಂತು. ಹೊರಗಿನಿಂದ ಬಂದು ನೆಲೆಸಿದವರನ್ನು ಹುಡುಕಲು ಮೇಲಿನಿಂದ ಹುಕುಂ ಆಗಿದೆ, ಪರದೇಶದವರು ಸೇರಿಕೊಂಡಿದ್ದಾರೆ ಅಂತ. ಅಳಿಯ ತನ್ನ ಗುರುತಿನ ಕಾಗದದ, ಪ್ಲಾಸ್ಟಿಕ್ ಹೊದಿಸಿದ ಜೆರಾಕ್ಸ್ ತೋರಿಸಿದ. "ಒರಿಜಿನಲ್ ಎಲ್ಲಿ?" ಅಂದರು. ಊರಲ್ಲಿ ತಾಯಿಯ ಹತ್ತಿರ, ಅಕ್ಕಿಯ ಡಬ್ಬಿಯಲ್ಲಿ ಅಂದ. ಅವರು ನಕ್ಕರು.

ನಗುವಂಥದ್ದೇನಿದೆ ಅದರಲ್ಲಿ? ನಾನು ಪುಣೆಗೆ ದುಡಿಯಲು ಹೋದಾಗ ನನ್ನ ಕಾಗದಗಳೂ ಸಗರದಲ್ಲೇ ಇದ್ದವು, ಅವ್ವನ ಟ್ರಂಕಿನಲ್ಲಿ, ಅವಳ ಮದುವೆ ಸೀರೆಯ ಕೆಳಗೆ. ತಗಡಿನ ಶೆಡ್ಡಿನಲ್ಲಿ ಮಲಗುವವನು ಮೂಲ ಕಾಗದ ಇಟ್ಟುಕೊಂಡು ತಿರುಗುತ್ತಾನೆಯೇ? ಮಳೆ ಇದೆ, ಇಲಿ ಇದೆ, ಒಲೆಯ ಕಿಡಿ ಇದೆ. ಕಳೆದರೆ ಮತ್ತೆ ಮಾಡಿಸಿಕೊಳ್ಳಲು ಎಷ್ಟು ಚಪ್ಪಲಿ ಸವೆಯಬೇಕು ಎಂಬುದು ನಮಗೆ ಗೊತ್ತು. ಬಡವರು ಎಲ್ಲಾ ರಾಜ್ಯದಲ್ಲಿಯೂ ಹೀಗೇ ಮಾಡುತ್ತಾರೆ. ಪುಣೆಯಲ್ಲಿ ಪೊಲೀಸರು ನಮ್ಮನ್ನೂ ಸಾಲಾಗಿ ನಿಲ್ಲಿಸಿದ್ದರು. ಯಾದಗಿರಿ ಅಂದೆ. "ಯೇ ಕಹಾಂ ಹೈ? ಬಾರ್ಡರ್ ಕೇ ಉಸ್ ಪಾರ್?" ಅಂದ ಒಬ್ಬ, ಅದೆಲ್ಲಿ, ಗಡಿಯ ಆಚೆಯೇ ಅಂತ. ನಮ್ಮ ಜಿಲ್ಲೆಯ ಹೆಸರೇ ಅವನ ಕಿವಿಗೆ ಬಿದ್ದಿರಲಿಲ್ಲ, ಅದಕ್ಕೆ ನಾನು ಪರದೇಶಿ! ಗುತ್ತೇದಾರನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಅವತ್ತೇ ಅಂದುಕೊಂಡಿದ್ದೆ: ನನ್ನ ಕೈಕೆಳಗೆ ದುಡಿಯುವವನಿಗೆ ಹೀಗಾದರೆ ನಾನು ಫೋನ್ ಎತ್ತುತ್ತೇನೆ.

ಆದರೆ ನನಗೆ ಫೋನ್ ಬರುವುದರೊಳಗೆ ಆಯಿ ನಡುವೆ ಬಂದುಬಿಟ್ಟಿದ್ದಳು. ಮೊರ ಹಿಡಿದುಕೊಂಡೇ ಜೀಪಿನ ಮುಂದೆ ನಿಂತು, "ಯಾಕ್ರಿ ಹಿಡೀತೀರಿ ಅವನ್ನ? ನಮ್ಮ ಮನಿ ಕೂಸದ. ಇಲ್ಲೇ ಹುಟ್ಯಾನ, ನಾನೇ ನೀರು ಎರದೀನಿ ಅವಗ" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳಂತೆ. ಬೇರೆ ಊರಲ್ಲಿ ಪೊಲೀಸರು ಬಂದರೆ ಜನ "ನಮಗೇನೂ ಗೊತ್ತಿಲ್ಲರಿ" ಅನ್ನುತ್ತಾರೆ. ನಮ್ಮ ಮುದುಕಿಯರು ಮೊದಲು ಮೊಮ್ಮಗನನ್ನಾಗಿ ಮಾಡಿಕೊಳ್ಳುತ್ತಾರೆ, ಆಮೇಲೆ ಉಳಿದ ಮಾತು. ಆ ಒಂದು ಸುಳ್ಳು ಸಾಕಾಯಿತು. ಜೆರಾಕ್ಸ್ ಬಂಗಾಳ ಅನ್ನುತ್ತದೆ, ಮನೆಯವಳು ಶಹಾಪುರ ಅನ್ನುತ್ತಾಳೆ. ಅಂದರೆ ಇವನು ಯಾರೋ ಬೇರೆ, ಇವಳು ಬಚ್ಚಿಟ್ಟವಳು. ಇಬ್ಬರನ್ನೂ ಜೀಪಿಗೆ ಹತ್ತಿಸಿದರು.

ಯಾವ ಠಾಣೆ ಎಂದು ಬರೆಯುವುದಿಲ್ಲ. ನಾನು ಸಿಮೆಂಟಿನ ಕೈಯಲ್ಲೇ ಓಡಿದೆ.

"ನಿನಗ ಅವ ಏನಾಗಬೇಕು?" ಎಂದು ಕೇಳಿದರು ಮೇಜಿನ ಹಿಂದಿನ ಸಾಹೇಬರು. ನನ್ನ ಮಗನ ವಯಸ್ಸಿನವರು.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಕೆಲಸದಾಂವರಿ. ಟೈಲ್ಸ್ ಹಚ್ಚತಾನರಿ" ಅಂದೆ.

"ಮತ್ತ ಈ ಮುದುಕಿ ಮೊಮ್ಮಗ ಅಂತಾಳಲ್ಲ?"

"ಪ್ರೀತಿಲೆ ಅಂದಾಳ್ರಿ."

"ಪ್ರೀತಿ ಬರಿಲಿಕ್ಕೆ ಇಲ್ಲಿ ಕಾಲಂ ಇಲ್ಲಪಾ. ದೇಶದ ಭದ್ರತೆ ವಿಷಯ ಇದು. ಅವರ ಜಿಲ್ಲೆಯಿಂದ ಉತ್ತರ ಬರಬೇಕು. ಬರಲಿಲ್ಲ ಅಂದ್ರ ಪರದೇಶದವರನ್ನ ಇಡೋ ಕೇಂದ್ರಕ್ಕ ಕಳಸ್ತೀವಿ. ಅಲ್ಲಿಂದ ಗಡಿಗೆ. ಮುದುಕಿ ಮ್ಯಾಲ ಕೇಸು."

ಅಳಿಯನ ತಾಯಿಗೆ ವಿಡಿಯೋ ಕಾಲ್ ಹಚ್ಚಿದೆ. ಆ ತಾಯಿ ಡಬ್ಬಿಯೊಳಗೆ ಮೊಣಕೈತನಕ ಕೈ ಇಳಿಸಿ, ಅಕ್ಕಿಯ ಹಿಟ್ಟು ಮೆತ್ತಿದ ಕಾಗದ ತೆಗೆದು, ಫೋನಿನ ಮುಂದೆ ಹಿಡಿದಳು. ಸಾಹೇಬರು ಕತ್ತು ಕೂಡ ತಿರುಗಿಸಲಿಲ್ಲ. "ಮೊಬೈಲ್ದಾಗ ಯಾರು ಏನು ಬೇಕಾದ್ರೂ ತೋರಸ್ತಾರ" ಅಂದರು.

"ಸಾಹೇಬ್ರ, ನನ್ನ ಕಟರ್ ಮಷಿನ್ ಕಳುವಾದಾಗ ಬಂದಿದ್ದೆ. ನಾಳಿ ಬಾ ಅಂದ್ರಿ. ಕಾಲುವಿ ತಿರುವಿನ್ಯಾಗ ತಡಿಗ್ವಾಡಿ ಇಲ್ದಕ್ಕ ಟಂಟಂ ಗಾಡಿ ಉರುಳಿ ಕೂಲಿ ಹೆಣ್ಣಮಕ್ಕಳು ನೀರಾಗ ಬಿದ್ದಾಗ ಎಲ್ಲಾ ಸಾಹೇಬ್ರಿಗೂ ಕೈ ಮುಗದೆ, ಇಟ್ಟಂಗಿ ಕೊಡ್ರಿ, ಪುಕ್ಕಟೆ ಕಟ್ಟತೀನಿ ಅಂದೆ. ಯಾರಿಗೂ ಹೊತ್ತಿರಲಿಲ್ಲ. ಈ ನಮ್ಮ ಟೈಲ್ಸಿನಾಂವನ್ನ ಹಿಡೀಲಿಕ್ಕಿ ಹೊತ್ತೂ ಅದ, ಜೀಪೂ ಅದ, ಡೀಸೆಲ್ಲೂ ಅದ?"

"ಏ, ದನಿ ತಗ್ಗಸಿ ಮಾತಾಡು" ಎಂದು ಪಕ್ಕದಲ್ಲಿದ್ದವನು ಬಡಿಗೆ ನೆಲಕ್ಕೆ ಕುಟ್ಟಿದ. ಮೂಲೆಯಲ್ಲಿ ಕೂತಿದ್ದ ಆಯಿ ನನ್ನ ಅಂಗಿ ಜಗ್ಗಿದಳು. ದನಿ ತಗ್ಗಿಸಿದೆ. ಇವತ್ತಿಗೂ ಅದೇ ನನಗೆ ಉರಿ. ಯಾರ ಮುಂದೆಯೂ ತಗ್ಗದ ದನಿ ಅದು.

ಗಡಿ ಕಾಯಬೇಡಿ ಅಂತ ನಾನು ಹೇಳುವುದಿಲ್ಲ. ಕಾಯಬೇಕು. ಮನೆ ಕಟ್ಟುವವನು ನಾನು, ಬಾಗಿಲಿಗೆ ಚಿಲಕ ಯಾಕೆ ಬೇಕು ಎಂಬುದು ನನಗೆ ಗೊತ್ತು. ಆದರೆ ಚಿಲಕ ಹಾಕುವುದು ಬಾಗಿಲಿಗೆ. ಅಡುಗೆಮನೆಯಲ್ಲಿ ಉಣ್ಣುತ್ತ ಕೂತವನ ಕೊರಳಿಗೆ ಹಾಕುವುದಲ್ಲ. ಸಾವಿರ ಮೈಲಿ ಆಚೆ ಯಾರೋ ಬೇಲಿ ದಾಟಿದರು ಎಂದರೆ, ಇಲ್ಲಿ ಮೊಣಕಾಲೂರಿ ಟೈಲ್ಸ್ ಒರೆಸುವವನನ್ನು ಎಬ್ಬಿಸುವುದು ಯಾವ ಭದ್ರತೆ? ಮಾತಿನ ಧಾಟಿ ಬೇರೆ, ಉಡುವ ಲುಂಗಿ ಬೇರೆ, ಇರುವ ಕೋಣೆ ಸಣ್ಣದು. ಇಷ್ಟೇ ಅವನ ಮೇಲಿದ್ದ ಗುಮಾನಿ. ಮೂರಂತಸ್ತಿನ ಮನೆಯವರ ಒರಿಜಿನಲ್ ಕೇಳಲು ಯಾವ ಜೀಪೂ ಹೋಗಲಿಲ್ಲ.

ದಿನಾ ಎರಡು ಹೊತ್ತು ಠಾಣೆಗೆ ಬುತ್ತಿ ಒಯ್ದೆ. ಕೊನೆಗೆ ಅವರ ಜಿಲ್ಲೆಯಿಂದ ಉತ್ತರ ಬಂತು: ಇವನು ನಮ್ಮವನೇ. ಅಷ್ಟೇ. ಒಬ್ಬರೂ ತಪ್ಪಾಯಿತು ಅನ್ನಲಿಲ್ಲ. "ನಡಿ ನಡಿ" ಎಂದು ಹೊರಗೆ ಕಳಿಸಿದರು, ಬೇಲಿ ಹಾರಿ ಬಂದ ದನವನ್ನು ಅಟ್ಟುವ ಹಾಗೆ. ಆಯಿಯನ್ನು ಮೊದಲ ದಿನವೇ ಬಿಟ್ಟಿದ್ದರು. ಆದರೆ ಹೊರಗಿನವರಿಗೆ ಇನ್ನು ಮುಂದೆ ಕೋಣೆ ಕೊಡುವುದಿಲ್ಲ, ಕೊಟ್ಟರೆ ಜೇಲು ಎಂದು ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡೇ ಬಿಟ್ಟಿದ್ದು.

ಅಳಿಯ ಊರಿಗೆ ಹೊರಡುತ್ತೇನೆ ಅಂದ. ಸಾಮಾನು ತರಲು ಆಯಿಯ ಮನೆಗೆ ಹೋದೆವು. ಅವನ ಕರಣಿ, ಲೆವೆಲ್ ಪೈಪು, ರಬ್ಬರ್ ಸುತ್ತಿಗೆ, ಬಟ್ಟೆಯ ಗಂಟು ಎಲ್ಲವೂ ಕಟ್ಟೆಯ ಮೇಲೆ ಸಿದ್ಧವಾಗಿದ್ದವು. ಆಯಿ ಹೊಸ್ತಿಲೊಳಗೇ ನಿಂತಿದ್ದಳು. ಅವನು "ಆಯಿ" ಎಂದು ಕಾಲಿಗೆ ಬೀಳಲು ಬಗ್ಗಿದ. ಅವಳು ಹಿಂದೆ ಸರಿದು ಓಣಿಯ ಕಡೆ ನೋಡುತ್ತ, "ಬಾಡಿಗಿ ಇದ್ದಾಂವರಿ. ಹೊಂಟಾನ. ನಮ್ಮಂವ ಅಲ್ರಿ" ಎಂದು ಕೂಗಿದಳು. ಅವತ್ತು ಜೀಪಿನ ಮುಂದೆ ಕೂಗಿದ ಅದೇ ಗಂಟಲು.

ನನಗೆ ತಡೆಯಲಿಲ್ಲ. "ಆಯಿ, ಯಾರಿಗೆ ಹೇಳಾಕತ್ತಿ? ಓಣ್ಯಾಗ ನಾಯಿ ಸೈತ ಇಲ್ಲ!" ಅಂದೆ.

"ನಿನಗೇನಪಾ, ಬೈತಿ" ಅಂದಳು ಸಣ್ಣ ದನಿಯಲ್ಲಿ. "ನನ್ನ ಹೆಬ್ಬಟ್ಟು ಅವರ ಕಡೆ ಅದ." ಬಾಗಿಲು ಮುಚ್ಚಿದಳು. ದಾರಿಯಲ್ಲಿ ಗಂಟು ಬಿಚ್ಚಿ ನೋಡಿದರೆ ಬಟ್ಟೆಯ ನಡುವೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ. ಅವಳ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಅವಳ ಬಾಯಲ್ಲಿ ಆ ಮಾತು ಬರಿಸಿದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಬರುವುದಕ್ಕೆ ಮುಂಚೆ ಒಬ್ಬ ಪೊಲೀಸಿನವನು ಅಡ್ಡಾಡುತ್ತ ಬಂದ. ಬಡಿಗೆಯ ತುದಿಯಿಂದ ಗಂಟು ಚುಚ್ಚಿದ. ಅಳಿಯ ಎದ್ದು ನಿಂತು ಕಿಸೆಗೆ ಕೈ ಹಾಕಿದ. ಜೆರಾಕ್ಸಿನ ಜೊತೆಗೆ, ಬಿಡುವಾಗ ಠಾಣೆಯವರು ಕೊಟ್ಟ ಚೀಟಿಯೂ ಈಗ ಅಲ್ಲಿತ್ತು. ನಾನು ಅವನ ಕೈ ಹಿಡಿದು ಕೂಡಿಸಿದೆ.

"ಎಲ್ಲಿಯಾಂವ ಇವ? ನಿನಗೇನಾಗಬೇಕು?" ಅಂದ ಪೊಲೀಸಿನವನು.

"ಮಾಮಾ, ಸುಮ್ಮಿರು ಮಾಮಾ" ಅಂದ ಅಳಿಯ.

ಠಾಣೆಯಲ್ಲಿ ನುಂಗಿಕೊಂಡ ಮಾತು ಇನ್ನೂ ಗಂಟಲಲ್ಲೇ ಇತ್ತು. ಅದನ್ನು ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದೆ: "ಅಳಿಯ ಆಗಬೇಕ್ರಿ. ನಮ್ಮಂವ. ಬರಕೋರಿ. ನನ್ನ ಹೆಸರು ಕೆಳಗ ಬರಕೋರಿ. ಹೆಬ್ಬಟ್ಟು ಅಲ್ಲ, ಸಹೀನೇ ಮಾಡತೀನಿ, ಪೆನ್ ಕೊಡ್ರಿ."

ಅವನು ಪೆನ್ನು ಕೊಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದಕ್ಕೆ ನಡೆದ, ಮುಂದಿನ ಬೆಂಚಿನಲ್ಲಿ ಗಂಟು ಇಟ್ಟುಕೊಂಡು ಕೂತವರ ಕಡೆಗೆ.