ಬಿಡಿಯ ಮನೆ

ಮುಂಬಯಿಯ ಚೆಂಬೂರಿನ ಒಂದು ಕನ್ನಡ ಶಾಲೆಯಲ್ಲಿ ಎರಡನೇ ತರಗತಿಗೆ ಕಲಿಸುವ ಶಿವಕುಮಾರಿ ವಿಜಯಪುರ ಜಿಲ್ಲೆಯ ಹಳ್ಳಿಯವಳು, ತನ್ನ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ವಾರದ ಪಾಠವನ್ನು ಭಾನುವಾರವೇ ಯೋಜಿಸುತ್ತಾಳೆ, ಶುಕ್ರವಾರದವರೆಗೆ ಕಲಿಸುತ್ತಾಳೆ, ಶನಿವಾರ ಸಣ್ಣ ಪರೀಕ್ಷೆ ಇಡುತ್ತಾಳೆ. ಅದರಲ್ಲಿ ಮಕ್ಕಳು ಎಲ್ಲಿ ತಪ್ಪಿದರೋ ಅಲ್ಲಿಂದ ಮತ್ತೆ ಮುಂದಿನ ವಾರದ ಯೋಜನೆ. ಅಂದಾಜಿನ ಮೇಲೆ ಕಲಿಸುವುದು ಅವಳಿಂದ ಆಗದು.

ಎರಡಂಕಿಯ ಸಂಖ್ಯೆ ಕಲಿಸುವಾಗ ಐಸ್‌ಕ್ಯಾಂಡಿ ಕಡ್ಡಿಗಳನ್ನು ಹತ್ತತ್ತರಂತೆ ರಬ್ಬರ್ ಹಾಕಿ ಕಟ್ಟಿಸಿದಳು. ಕಟ್ಟಿಗೆ ಸೇರದೆ ಉಳಿದ ಕಡ್ಡಿಗಳಿಗೆ ಪುಸ್ತಕದಲ್ಲಿ 'ಬಿಡಿ' ಎಂದಿದೆ. ಆದರೆ ಅವಳ ಮಕ್ಕಳಿಗೆ ಮನೆಯಲ್ಲಿ ಅಷ್ಟಿಷ್ಟು ಕನ್ನಡ, ಗಲ್ಲಿಯಲ್ಲೆಲ್ಲ ಹಿಂದಿ. ಅಂಗಡಿಯ ಚಿಲ್ಲರೆಗೆ ಅನ್ನುವಂತೆ ಅವರು ಅದನ್ನು 'ಛುಟ್ಟಾ' ಅಂದರು. ಅವಳೂ ಹಾಗೆಯೇ ಕಲಿಸಿದಳು. "ಎಷ್ಟು ಕಟ್ಟು, ಎಷ್ಟು ಛುಟ್ಟಾ?" ಎಂದರೆ ತರಗತಿಯೇ ಕೂಗಿ ಹೇಳುತ್ತಿತ್ತು.

ಪರೀಕ್ಷೆಯ ಹಾಳೆ ಮಾತ್ರ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗುತ್ತದೆ. ಕಾಲೇಜಿನಲ್ಲಿ ಅವಳ ಹಳ್ಳಿಯ ಮಾತಿಗೆ ನಕ್ಕವರಿದ್ದರು. ಅಂದಿನಿಂದ ಬರವಣಿಗೆಯಲ್ಲಿ ಅವಳು ಪುಸ್ತಕದ ಪದ ಬಿಟ್ಟವಳಲ್ಲ. ಹಾಳೆಯಲ್ಲಿ ಎರಡು ಮನೆಗಳ ಗೆರೆ ಎಳೆದು ಒಂದರ ಮೇಲೆ 'ಹತ್ತು', ಇನ್ನೊಂದರ ಮೇಲೆ 'ಬಿಡಿ' ಎಂದು ದುಂಡಗೆ ಬರೆದಳು.

ಸಪ್ನಾ ಎಂಬ ಹುಡುಗಿ ಹತ್ತರ ಮನೆ ತುಂಬಿ ಬಿಡಿಯ ಮನೆಯನ್ನು ಖಾಲಿ ಇಟ್ಟಳು. ಶಿವಕುಮಾರಿ ಮರುವಾರ ಮತ್ತೆ ಕಡ್ಡಿ ಕಟ್ಟಿಸಿದಳು. ಮತ್ತೆ ಖಾಲಿ. ಹುಡುಗಿಯನ್ನು ಹಿಂದುಳಿದವರ ಸಾಲಿನಲ್ಲಿ ಕೂರಿಸಿ, ಆಟದ ಹೊತ್ತಿನಲ್ಲೂ ಕಟ್ಟಿಸತೊಡಗಿದಳು. ಯೋಜನೆ, ಪಾಠ, ಪರೀಕ್ಷೆ ಸುತ್ತುತ್ತಲೇ ಇದ್ದವು. ಹುಡುಗಿಯನ್ನು ಕೇಳುವುದೊಂದು ಯಾವ ಯೋಜನೆಯಲ್ಲೂ ಇರಲಿಲ್ಲ.

ಆ ವಾರವೇ ಒಂದು ದಿನ, ಶಾಲೆ ಬಿಟ್ಟಾಗ, ಸಪ್ನಾಳ ತಾಯಿ ದಾನವ್ವ ಗೇಟಿನ ಬಳಿ ಸಿಕ್ಕಳು. ಕಟ್ಟಡ ಕೆಲಸದವಳು; ಕಂಕುಳಲ್ಲಿ ಕೂಸು.

"ದಾನವ್ವ, ನಿಮ್ಮ ಹುಡುಗಿ ತಲಿಗೆ ಲೆಕ್ಕ ಹತ್ತವಲ್ದು," ಎಂದಳು ಶಿವಕುಮಾರಿ, ಎಲ್ಲ ತಾಯಂದಿರ ಮುಂದೆ. "ಅರ್ಧಾ ಬರದು ಸುಮ್ನ ಕುಂದರ್ತಾಳ."

ನೆರೆಮನೆಯ ಬಷೀರಾ ನಕ್ಕಳು. "ಅವ್ವನ ಹಂಗ ಬಿಡ್ರಿ. ದಾನವ್ವನೂ ಅರ್ಧಾ ಕೇಳಿಸ್ಕೊಂಡು ಹೊಂಟಬಿಡ್ತಾಳ."

ದಾನವ್ವ ನಗಲಿಲ್ಲ. "ಹತ್ತಂಗಿಲ್ಲಂದ್ರ ಯಾಕ್ ಕುಂದರಸೂದ್ರಿ ಟೀಚರ್? ನಮ್ಮವ್ವ ಸೋಮವಾರ ಊರಿಗೆ ಹೊಂಟಾಳ. ಸಪ್ನಾನ್ನೂ ಕೂಸನ್ನೂ ಕಳಸ್ತೀನಿ. ಇಕಿ ಅಲ್ಲಿ ಕೂಸಿನ್ನರ ಆಡಸ್ತಾಳ."

ಶನಿವಾರದ ಹಾಳೆಯಲ್ಲೂ ಬಿಡಿಯ ಮನೆ ಖಾಲಿ. ಶಿವಕುಮಾರಿಗೆ ಸಿಟ್ಟು ಬಂತು. "ಇಲ್ಲಿ ಯಾಕ ಬರೀಲಿಲ್ಲ?"

ಸಪ್ನಾ ಅಕ್ಷರದ ಮೇಲೆ ಬೆರಳಿಟ್ಟಳು. "ನೀವೇ ಬರದೀರಲ್ಲ ಟೀಚರ್, ಬಿಡಿ ಅಂತ. ಛೋಡ್ ದಿಯಾ. ಬಿಟ್ಟೆ."

ಗದ್ದಲ ಬಿಡಿ, ಒಂದು ಸಾಲು ಬಿಡಿ ಎಂದು ದಿನವೂ ಹೇಳುವವಳು ಶಿವಕುಮಾರಿಯೇ. ಅವಳು ಹಾಳೆಯಲ್ಲಿದ್ದ ನಲವತ್ತೇಳರ ಮೇಲೆ ಪೆನ್ನಿಟ್ಟು ಕೇಳಿದಳು: "ಇದರಾಗ ಛುಟ್ಟಾ ಎಷ್ಟು?"

"ಸಾತ್. ಏಳು."

ಉಳಿದ ಮಕ್ಕಳು ಮೇಲಿನ ಅಕ್ಷರ ಓದದೆ, ಮನೆ ಕಂಡಲ್ಲಿ ಅಂಕಿ ತುಂಬಿದ್ದರು. ಓದಿದವಳು ಸಪ್ನಾ ಒಬ್ಬಳೇ. ವಾರವಾರವೂ ಕೆಂಪು ಗೆರೆ ಬಿದ್ದದ್ದು ಅವಳ ಹಾಳೆಗೇ.

ಶಾಲೆ ಬಿಟ್ಟ ಮೇಲೆ ದಾನವ್ವನನ್ನು ನಳದ ಪಕ್ಕಕ್ಕೆ ಕರೆದು ನಡೆದದ್ದನ್ನೆಲ್ಲ ಮೆಲ್ಲಗೆ ಹೇಳಿದಳು. "ಸಪ್ನಾಗ ಲೆಕ್ಕ ಬರ್ತೈತಿ. ತಪ್ಪು ನಂದು. ಊರಿಗೆ ಕಳಸಬ್ಯಾಡ್ರಿ."

"ಅವತ್ತ ಎಲ್ಲಾರ ಮುಂದ ಅಂದ್ರಿ," ಎಂದಳು ದಾನವ್ವ. "ಇವತ್ತ ಕಿವ್ಯಾಗ ಹೇಳ್ತೀರಿ?"

ಶಿವಕುಮಾರಿ ಗೇಟಿನತ್ತ ನೋಡಿದಳು. ತಾಯಂದಿರ ಹಿಂದೆ, ಮೆಟ್ಟಿಲ ಮೇಲೆ ಮುಖ್ಯೋಪಾಧ್ಯಾಯರೂ ನಿಂತಿದ್ದರು. ಅಲ್ಲಿಗೆ ಹೋಗಿ ಎಲ್ಲರ ಮುಂದೆ ನಿಂತಳು.

"ಸ್ವಲ್ಪ ಕೇಳ್ರಿ ಎಲ್ಲಾರೂ. ಸಪ್ನಾಗ ಲೆಕ್ಕ ಬರ್ತೈತಿ. ನಾ ಕಲಿಸಿದ್ದು ಒಂದು ಮಾತು, ಪರೀಕ್ಷಾದಾಗ ಬರದದ್ದು ಇನ್ನೊಂದು. ತಲಿಗೆ ಹತ್ತಲಾರದ್ದು ನನಗ, ಅಕಿಗಲ್ಲ."

"ಹಂಗಾರ ಟೀಚರ್‌ನ್ನ ಊರಿಗೆ ಕಳಸ್ರಿ," ಎಂದಳು ಬಷೀರಾ. ಎಲ್ಲರೂ ನಕ್ಕರು. ಮುಖ್ಯೋಪಾಧ್ಯಾಯರು ನಗಲಿಲ್ಲ.

ದಾನವ್ವ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಸೋಮವಾರನೂ ಸಾಲ್ಯಾಗ ಊಟ ಕೊಡ್ತೀರಲ್ಲ? ಇಕಿಗೆ ಡಬ್ಬಿ ಕಟ್ಟೂದಿಲ್ಲ."

"ಕೊಡ್ತೀವ್ರಿ," ಎಂದಳು ಶಿವಕುಮಾರಿ. ತಲೆ ಎತ್ತಿ ಹೇಳಲು ಆಗಲಿಲ್ಲ.