ದುದ್ದದ ಮಂಡಿಗಳು

ಡಾಕ್ಟರ್ ಲಕ್ಷ್ಮಿದೇವಮ್ಮನವರ ಲೇಖನವನ್ನು 1961ರಲ್ಲಿ ಮದರಾಸಿನ ವೈದ್ಯಪತ್ರಿಕೆಯೊಂದು ಹಿಂದಕ್ಕೆ ಕಳಿಸಿತು. ಹಾಸನ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ನೆಲದ ಮೇಲೆ ಕೂತು ರಾಗಿ ಬೀಸುವ ಹೆಂಗಸರ ಮಂಡಿ ಸವೆತದ ಬಗ್ಗೆ ಅವರು ಎರಡು ವರ್ಷ ಅಲೆದು ಬರೆದದ್ದು ಅದು. ನೋವು ಇದೆ, ಇಲ್ಲ ಎಂಬ ರೋಗಿಯ ಬಾಯಿಮಾತನ್ನೇ ನೆಚ್ಚುವಂತಿಲ್ಲ ಎಂದು ಸಂಪಾದಕರು ಬರೆದಿದ್ದರು.

ಆಕ್ಷೇಪ ಸರಿಯಾಗಿಯೇ ಇತ್ತು. ಅತ್ತೆ ಎದುರಿಗಿದ್ದರೆ ಯಾವ ಸೊಸೆಯೂ ನೋವೆನ್ನುತ್ತಿರಲಿಲ್ಲ. "ಏನಿಲ್ಲ ಬುಡಿ ಡಾಕ್ಟ್ರಮ್ಮ, ಗುಂಡ್‌ಕಲ್ಲಂಗಿವ್ನಿ" ಎನ್ನುತ್ತಿದ್ದರು. ಅತ್ತೆಯರೋ ಕೇಳುವ ಮೊದಲೇ ನರಳುತ್ತಿದ್ದರು.

ಆದರೆ ಡಾಕ್ಟರು ಹೊಸ್ತಿಲಲ್ಲಿ ಕಾಣಿಸಿಕೊಂಡರೆ ಎಲ್ಲರೂ ಮರ್ಯಾದೆಗೆ ಎದ್ದು ನಿಲ್ಲುತ್ತಿದ್ದರು. ಒಬ್ಬಳು ಸರಕ್ಕನೆ ಏಳುತ್ತಿದ್ದಳು, ಇನ್ನೊಬ್ಬಳು ತೊಡೆ ಒತ್ತಿ, ಮತ್ತೊಬ್ಬಳು ಕಂಬ ಹಿಡಿದು. ಆ ಏಳುವುದರಲ್ಲಿ ಸುಳ್ಳಿರಲಿಲ್ಲ. ಇದು ಹೊಳೆದಂದಿನಿಂದ ಲಕ್ಷ್ಮಿದೇವಮ್ಮ ಏನೂ ಕೇಳದೆ ಬಾಗಿಲಲ್ಲಿ ನಿಂತು ನೋಡತೊಡಗಿದರು. ಎಕ್ಸ್‌ರೇ ತೆಗೆಸಿದಾಗ ಅವರು ಕಂಡದ್ದಕ್ಕೂ ಅದಕ್ಕೂ ತಾಳೆಯಾಯಿತು.

ತೊಡಕಾದದ್ದು ಅವರ ಹುಟ್ಟೂರು ದುದ್ದದಲ್ಲಿ. ಅಲ್ಲಿನ ಜಮೀನುದಾರರ ಮನೆಯಲ್ಲಿ ತಂದೆ ಬೋರಪ್ಪ ಜೀವಮಾನವೆಲ್ಲ ಆಳಾಗಿ ದುಡಿದಿದ್ದರು. ಕೇರಿಯವರಿಗೆ ಅಂಗಳವೇ ಗಡಿ. ಮಗಳು ಡಾಕ್ಟರಾಗಿ ಆ ಗಡಿ ದಾಟಿ ಒಳಗೆ ಹೋದಾಗ ಸೊಸೆಯರೆಲ್ಲ ಎದ್ದರು, ಯಜಮಾನಿ ಪುಟ್ಟತಾಯಮ್ಮ ಏಳಲಿಲ್ಲ.

"ನೋಡುದ್ರಾ ಅಮ್ಮೋರೆ, ಗತ್ತ! ನಿಮ್ಮಪ್ಪನ್ನ ಅಂಗಳದಲ್ ನಿಲ್ಸ್ದೋರು ನಿಮ್ಗೆ ಎದ್ದಾರಾ?" ಎಂದು ಜೊತೆಗೆ ಬಂದಿದ್ದ ಆಯಾ ಮಾದಮ್ಮ ಪಿಸುಗುಟ್ಟಿದಳು.

ಗತ್ತೇ ಆಗಿದ್ದರೆ ಏಳುವುದನ್ನು ನೋಡುವ ಪರೀಕ್ಷೆಯೇ ಬಿದ್ದುಹೋದಂತೆ. ಏಳದಿರುವುದಕ್ಕೆ ಮಂಡಿಯಲ್ಲದೆ ಬೇರೆ ಕಾರಣವೂ ಇರಬಹುದಾದರೆ ಯಾವ ಪತ್ರಿಕೆ ಒಪ್ಪೀತು? ಎರಡು ವರ್ಷದ ಕೆಲಸ ಆ ಒಬ್ಬ ಹೆಂಗಸಿನ ಮೇಲೆ ನಿಂತಿತ್ತು.

"ಗತ್ತಿಗೆ ಎಕ್ಸ್‌ರೇ ಇಲ್ಲ ಮಾದಮ್ಮ. ಕಾಯೋಣ."

ಹೊಲದಿಂದ ಪುಟ್ಟತಾಯಮ್ಮನ ಭಾವ ಕೆಂಪಣ್ಣ ಬಂದರು. ಭಾವನೆದುರು ಕೂತಿರುವುದುಂಟೆ? ಪುಟ್ಟತಾಯಮ್ಮ ಸೆರಗು ಎಳೆದುಕೊಂಡು ಗೋಡೆಗೆ ಕೈಕೊಟ್ಟರು. ಅರ್ಧ ಎದ್ದು ಕುಸಿದರು.

"ಯಾಕವ್ವಾ, ಏನಾಯ್ತು?"

"ಜೋಮು ಇಡ್ದದೆ ಭಾವ."

"ಎಷ್ಟು ವರ್ಷದಿಂದ ಜೋಮು?" ಎಂದು ಕೆಂಪಣ್ಣ ಒಳಗೆ ಹೋದ ಮೇಲೆ ಡಾಕ್ಟರು ಕೇಳಿದರು.

ಪುಟ್ಟತಾಯಮ್ಮನಿಗೆ ನಗು ಬಂತು. "ಮೂರ್‌ ವರ್ಸ ಆಯ್ತು ಕಣವ್ವ. ಯಾರ್ಗೂ ಯೋಳ್‌ಬ್ಯಾಡ."

ಬೋರಪ್ಪನ ಮಗಳ ಕೈ ಆ ಮಂಡಿಯನ್ನು ಮುಟ್ಟಿತು. ಪುಟ್ಟತಾಯಮ್ಮ ಕಾಲು ಎಳೆದುಕೊಳ್ಳಲಿಲ್ಲ. ಮಡಿಸಿ ಚಾಚಿಸಿದಾಗ ಚಿಪ್ಪಿನಡಿ ಮರಳು ಅರೆದಂತೆ ಕಿರಕಿರ ಎಂದದ್ದು ಬೆರಳಿಗೆ ತಿಳಿಯಿತು. ಬೀಸುವ ಕಲ್ಲನ್ನು ಸೊಸೆಯರಿಗೆ ಬಿಡಿ, ಆಗಾಗ ಕಾಲು ಬದಲಾಯಿಸಿ ಕೂರಲು ಅವರಿಗೂ ಹೇಳಿ, ದಿನವೂ ಮಲಗಿ ಪಾದಕ್ಕೆ ರಾಗಿಗಂಟು ಕಟ್ಟಿ ಕಾಲು ನೇರವಾಗಿ ಎತ್ತಿ ಎಂದು ಡಾಕ್ಟರು ಹೇಳಿಕೊಟ್ಟರು.

ಏಳದವರನ್ನು ಅವರ ಮನೆಯ ಹಿರಿಯರು ಬಂದಾಗ ಇನ್ನೊಮ್ಮೆ ನೋಡಬೇಕು ಎಂಬ ನಿಯಮ ಸೇರಿಸಿ, ಉಳಿದ ಹಳ್ಳಿಗಳನ್ನು ಮತ್ತೆ ತಿರುಗಿ, ಲೇಖನವನ್ನು ಹೊಸದಾಗಿ ಬರೆದರು. 1963ರಲ್ಲಿ ಅದು ಅಚ್ಚಾಯಿತು.

ಪತ್ರಿಕೆಯನ್ನು ಹಿಡಿದು ಬೋರಪ್ಪ, "ಇದ್ರಾಗೆ ನಾನೆಲ್ಲಿವ್ನಿ?" ಎಂದರು.

ಬಿ. ಲಕ್ಷ್ಮಿದೇವಮ್ಮ ಎಂದಿದ್ದ ಕಡೆ ಮಗಳು ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

"ಒಂದೇ ಅಕ್ಸರವಾ?"

"ಎಲ್ಲಾದ್ಕೂ ಮುಂದೆ ಐತಲ್ಲಪ್ಪ."

ಅಚ್ಚಾದುದನ್ನು ತೋರಿಸಲು ಇಬ್ಬರೂ ಜಮೀನುದಾರರ ಮನೆಗೆ ಹೋದರು. ಅಭ್ಯಾಸಬಲದಿಂದ ಬೋರಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸೇರಿಸಿ ಅಂಗಳದಲ್ಲೇ ನಿಂತರು. ಜಗಲಿಯ ಮೇಲೆ ಕೂತಿದ್ದ ಪುಟ್ಟತಾಯಮ್ಮ ತಂದೆಮಗಳನ್ನು ನೋಡಿದರು. ಗೋಡೆ ಮುಟ್ಟದೆ ನಿಧಾನವಾಗಿ ಎದ್ದು ನಿಂತರು.

"ನಂಗ್ಯಾಕವ್ವಾ ಎದ್ರು?" ಬೋರಪ್ಪ ಗಾಬರಿಯಾಗಿ ಮಗಳನ್ನು ಕೇಳಿದರು.

"ತೊಡೆಗೆ ಬಲ ಬಂದದೆ ಕಣಪ್ಪ, ಅದ್ಕೆ."

ಬೋರಪ್ಪ ನಂಬಲಿಲ್ಲ. ಕಂಕುಳಲ್ಲಿದ್ದ ಟವೆಲ್ಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡರು.