ಹದಿನೇಳನೇ ನಂಬರಿನವನು

ಇಂಥ ಕತೆಗಳನ್ನು ಯಾರಾದರೂ ಹೇಳಲು ಕೂತರೆ ನಾನು ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನವಲಗುಂದದ ಒಂದು ಹೈಸ್ಕೂಲಿಗೆ ಡ್ರಿಲ್ ಮಾಸ್ತರನಾಗಿ ಹೊಸದಾಗಿ ಬಂದಿದ್ದೆ. ಊರಲ್ಲಿ ನನ್ನವರೆಂಬವರು ಇರಲಿಲ್ಲ. ಶಾಲೆ ಬಿಟ್ಟರೆ ಖಾನಾವಳಿಯ ಊಟ, ಬಾಡಿಗೆ ಕೋಣೆ. ಆ ವರ್ಷ ತಿರ್ಲಾಪುರದ ಕಡೆಯಿಂದ ನವಲಗುಂದಕ್ಕೆ ಎಂಟು ಮೈಲಿನ ಓಟದ ಸ್ಪರ್ಧೆ ಇಟ್ಟರು. ಸೈಕಲ್ ಮೇಲೆ ಕೊನೆಯ ಓಟಗಾರನ ಹಿಂದೆ ಬರುವುದು, ಅವನನ್ನು ಒಂಟಿಯಾಗಿ ಬಿಡದಿರುವುದು ನನ್ನ ಕೆಲಸ.

ಅತಿಥಿಗಳು ತಡವಾಗಿ ಬಂದರು. ಓಟ ಶುರುವಾದಾಗ ಬಿಸಿಲು ನೆತ್ತಿಗೇರಿತ್ತು. ಎರಡು ಮೈಲು ಆಗುವಷ್ಟರಲ್ಲಿ ಹಿಂದೆ ಉಳಿದವನು ನಮ್ಮ ಶಾಲೆಯ ಮಲ್ಲಪ್ಪ ಒಬ್ಬನೇ. ಬೆನ್ನಿಗೆ ಹದಿನೇಳನೇ ನಂಬರಿನ ಬಟ್ಟೆ ಚುಚ್ಚಿಕೊಂಡಿದ್ದ. ಅಷ್ಟರಲ್ಲಿ ನನ್ನ ಸೈಕಲ್ಲಿನ ಚೈನು ಕಳಚಿತು. ಕೂಡಿಸಿ ತಲೆ ಎತ್ತಿದಾಗ ಆ ಹದಿನೇಳು ಬಹಳ ದೂರ ಹೋಗಿತ್ತು. ಜೋರಾಗಿ ತುಳಿದು ಬೆನ್ನು ಹತ್ತಿದೆ.

“ಮುಂದಿನವರ್ನ ನೋಡಬ್ಯಾಡೋ ಮಲ್ಲಪ್ಪ. ಆ ಗಿಡ ನೋಡು, ಅಲ್ಲೀತನಕ ಓಡು. ಆಮ್ಯಾಲ ಅದರ ಮುಂದಿನ ಗಿಡ.”

ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ನಾಲ್ಕಕ್ಕೆ ಹೊರಗೆ ಎಂದು ಎಣಿಸುತ್ತ ಹೋದೆ. ಅವನು ತಿರುಗಲಿಲ್ಲ, ಮಾತಾಡಲಿಲ್ಲ. ಆದರೆ ನನ್ನ ಎಣಿಕೆಗೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಎರಡೂ ಕಡೆ ಹತ್ತಿಯ ಹೊಲ. ಒಂದು ಚಕ್ಕಡಿಯೂ ಎದುರಾಗಲಿಲ್ಲ. ಎಣಿಸಿ ಸಾಕಾದ ಮೇಲೆ ನನ್ನ ಮಾತೇ ಬಂತು. ಅವ್ವ ತೀರಿಕೊಂಡಾಗ ನಾನು ಹತ್ತಿರ ಇರದಿದ್ದದ್ದು, ಸಂಜೆಯಾದರೆ ಕೋಣೆಗೆ ಹೋಗಲು ಮನಸ್ಸಾಗದಿರುವುದು, ಯಾರಿಗೂ ಹೇಳಿರದ್ದನ್ನೆಲ್ಲ ಆ ಬೆನ್ನಿಗೆ ಹೇಳಿದೆ. ಒಮ್ಮೆ ಕಣ್ಣೊರೆಸಿಕೊಳ್ಳಲು ನಾನು ನಿಧಾನಿಸಿದಾಗ ಅವನೂ ನಿಧಾನಿಸಿದ. ನಾನು ಸುಧಾರಿಸಿಕೊಂಡ ಮೇಲೆ ಮತ್ತೆ ಅದೇ ಹೆಜ್ಜೆ ಹಿಡಿದ.

ಊರಂಚಿನ ಹತ್ತಿ ಗಿರಣಿಯ ತಿರುವಿನಲ್ಲಿ ಅವನು ಮರೆಯಾದ. ನಾನು ಓಟ ಮುಗಿಯುವ ಮೈದಾನಕ್ಕೆ ಬಂದರೆ ಹೆಡ್‌ಮಾಸ್ತರರು ಓಡಿಬಂದರು. “ಹದಿನೇಳನೇದಾಂವ ಎಲ್ರೀ ಮಾಸ್ತರ? ಎಲ್ಲಿ ಬಿಟ್ಟು ಬಂದ್ರಿ?”

ಜೀಪು ತೆಗೆದುಕೊಂಡು ಹಿಂದಕ್ಕೆ ಹೋದೆವು. ಚೈನು ಕಳಚಿದ ಜಾಗದಿಂದ ಸ್ವಲ್ಪ ಮುಂದೆ, ಜಾಲಿಗಿಡದ ಕೆಳಗೆ ಮಲ್ಲಪ್ಪ ಬಿದ್ದಿದ್ದ. ತುಟಿ ಒಣಗಿತ್ತು, ಕಾಲು ಸೆಟೆದುಕೊಂಡಿತ್ತು. ನೀರು ಕುಡಿಸಿದ ಮೇಲೆ ನನ್ನನ್ನೇ ನೋಡಿದ.

“ಎಷ್ಟ ಕೂಗಿದ್ನಿರೀ ಸರ್. ನೀವು ನೋಡ್ಲೇ ಇಲ್ಲ. ನಿಮ್ಮಷ್ಟಕ್ಕ ನೀವ ಮಾತಾಡ್ಕೋತ ಹೋದ್ರಿ.”

“ನಿನ್ನ ಹಿಂದನ ಇದ್ನಲ್ಲೋ.”

“ಇಲ್ರಿ. ನಿಮ್ಮ ಮುಂದ ಯಾರೂ ಇದ್ದಿಲ್ರಿ.”

ಎರಡು ದಿನ ದವಾಖಾನೆಯಲ್ಲಿದ್ದು ಹುಡುಗ ಉಳಿದುಕೊಂಡ. ಬಿಸಿಲು ನಿಮ್ಮ ತಲೆಗೂ ಏರಿತ್ತು ಎಂದರು ಡಾಕ್ಟರು. ಇರಬಹುದು, ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಜೀಪಿನಲ್ಲಿ ಮಲ್ಲಪ್ಪನ ತಲೆ ನನ್ನ ತೊಡೆಯ ಮೇಲಿದ್ದಾಗಲೂ ನನ್ನ ಕಣ್ಣು ರಸ್ತೆಯುದ್ದಕ್ಕೂ ಆ ಇನ್ನೊಬ್ಬನನ್ನೇ ಹುಡುಕುತ್ತಿತ್ತು.